ನೀಲಿ ಪಂಪು ಮತ್ತು ಹೋರಿ ಹಬ್ಬದ ಮೈಕು

ನಮ್ಮ ಮನೆಯಲ್ಲಿ ನಗುವ ಸಂಗತಿಗಳು ಕರೆಯದೆಯೇ ಬರುತ್ತವೆ. ಕಳೆದೊಂದು ವರ್ಷದಿಂದಂತೂ ಎಲ್ಲವೂ ಒಂದೇ ಕಡೆಯಿಂದ ಬರುತ್ತಿವೆ, ನಮ್ಮ ಯಜಮಾನರ ಜೇಬಿನಲ್ಲಿರುವ ನೀಲಿ ಪಂಪಿನಿಂದ.

ಡಾಕ್ಟರು ಅದನ್ನು ಇನ್‌ಹೇಲರ್ ಅನ್ನುತ್ತಾರೆ, ನಮ್ಮ ಕಡೆ ಎಲ್ಲರಿಗೂ ಅದು ಪಂಪು. ದಮ್ಮು ಹತ್ತಿದಾಗ ಎದೆಯೊಳಗಿನ ಉಸಿರಿನ ಕೊಳವೆಗಳು ಬಿಗಿದುಕೊಳ್ಳುತ್ತವೆ. ಈ ಔಷಧಿ ಅವನ್ನು ಸಡಿಲ ಮಾಡುತ್ತದೆ, ಉಸಿರು ಸರಾಗವಾಗುತ್ತದೆ. ವಿಷಯ ಇಷ್ಟೇ. ನಾನು ಆ ಕಾಲದಲ್ಲೇ ಶಿವಮೊಗ್ಗಕ್ಕೆ ಹೋಗಿ ಬಿ.ಎಸ್ಸಿ. ಮಾಡಿದವಳು, ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಉಳಿದವರಿಗೆ ಅರ್ಥವಾಗುವಷ್ಟರಲ್ಲಿ ಏನೇನು ನಡೆಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಕಾದರೆ ತಾರೀಖು ಸಮೇತ ಬರೆಯಬಲ್ಲೆ. ಎಮ್ಮೆ ಈದದ್ದು, ಸಿಲಿಂಡರ್ ಹಚ್ಚಿದ್ದು, ಮೊಮ್ಮಗಳ ಹಲ್ಲು ಬಿದ್ದದ್ದು, ಎಲ್ಲವನ್ನೂ ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಆದರೆ ನಗುವವರಿಗೆ ತಾರೀಖು ಯಾಕೆ?

ಮೊದಲು ಯಜಮಾನರ ಪರಿಚಯ ಹೇಳಬೇಕು. ಅಂಜನಾಪುರದ ಕಾಲುವೆ ನೀರು ಹರಿಯುವ ಹೊಲದಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ, ಜೋಳ ಒಕ್ಕುವ ಮಷಿನ್ನೂ ಇಟ್ಟಿದ್ದಾರೆ. ಆದರೆ ಸುತ್ತಲ ಹಳ್ಳಿಗಳಲ್ಲಿ ಅವರ ಹೆಸರು "ಮೈಕಿನ ಯಜಮಾನ್ರು". ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಹೋರಿ ಹಬ್ಬ ಶುರುವಾಗುತ್ತದೆ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು ಕಟ್ಟಿದ ಹೋರಿಯನ್ನು ಜನರ ನಡುವೆ ಓಡಿಸುತ್ತಾರೆ. ಪೈಲ್ವಾನ್ ಹುಡುಗರು ಅದನ್ನು ತಡೆದು ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ ದಾಟಿದ ಹೋರಿಗೆ ಬಹುಮಾನ. ಆ ಓಟವನ್ನು ಅಟ್ಟಣಿಗೆಯ ಮೇಲೆ ನಿಂತು ಮೈಕಿನಲ್ಲಿ ವರ್ಣಿಸುವವರು ನಮ್ಮವರು. ಅವರ ಬಾಯಲ್ಲಿ ಸಾಧಾರಣ ಹೋರಿಯೂ ಸಿಡಿಲಾಗುತ್ತದೆ.

ಕಳೆದ ಸಲದ ಹಬ್ಬದಲ್ಲಿ ಧೂಳು ಜಾಸ್ತಿ. "ಬಂತು ನೋಡ್ರೀ, ಬಂತು ನೋಡ್ರೀ" ಅಂದವರಿಗೆ ಮುಂದಿನ ಮಾತು ಬರಲೇ ಇಲ್ಲ. ಎದೆಯಿಂದ ಸೀಟಿ ಊದಿದ ಹಾಗೆ ಶಬ್ದ. ಹೋರಿ ಬಂದು ಹೋಯಿತು, ಇವರು ಮೈಕು ಹಿಡಿದು ಬಾಗಿ ನಿಂತೇ ಇದ್ದರು. ಸಮಿತಿಯ ಅಧ್ಯಕ್ಷರು ಮೈಕು ಇಸಿದುಕೊಂಡು, "ವಯಸ್ಸಾತಲ್ರೀ ಯಜಮಾನ್ರ, ಮುಂದಿನ ಸಲಕ್ಕೆ ಯಾರಾದ್ರೂ ಹುಡುಗುರಿಗೆ ಕೊಡಾಣ, ನಿಮಗ್ಯಾಕ ತ್ರಾಸು?" ಅಂದರಂತೆ. ಆ ದಿನ ಮನೆಗೆ ಬಂದವರು ಹೋಳಿಗೆಯನ್ನೂ ಮುಟ್ಟಲಿಲ್ಲ.

ಶಿಕಾರಿಪುರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ದಮ್ಮು ಎಂದು ಖಚಿತವಾಯಿತು, ನೀಲಿ ಪಂಪು ಬಂತು. ಪಂಪು ತೆಗೆದುಕೊಳ್ಳಲು ಯಜಮಾನರು ಒಪ್ಪಿದರು, ಆದರೆ ಒಂದು ಷರತ್ತು. "ಊರಾಗ ಯಾರಿಗೂ ಗೊತ್ತಾಗಬಾರದು. ದಮ್ಮಿನವನ ಕೈಗೆ ಮೈಕ್ ಯಾರು ಕೊಡ್ತಾರ?"

ಮೈಕು ಉಳಿಯಬೇಕು, ಪಂಪು ಕಾಣಬಾರದು. ಮುಂದಿನದೆಲ್ಲ ಈ ಷರತ್ತಿನ ಫಲ.

ಗಾಳಿಗೆ ಬೆನ್ನು ಮಾಡಿ

ಪಂಪು ಹೇಗೆ ತೆಗೆದುಕೊಳ್ಳಬೇಕು ಎಂದು ಡಾಕ್ಟರಮ್ಮ ಚೆನ್ನಾಗಿಯೇ ತೋರಿಸಿದ್ದರು. ಮುಚ್ಚಳ ತೆಗೆದು ಅಲ್ಲಾಡಿಸಬೇಕು, ಉಸಿರು ಪೂರ್ತಿ ಹೊರಗೆ ಬಿಡಬೇಕು, ತುಟಿ ಬಿಗಿ ಹಿಡಿದು, ಒತ್ತುತ್ತಲೇ ನಿಧಾನವಾಗಿ ಒಳಗೆ ಎಳೆಯಬೇಕು, ಆಮೇಲೆ ಹತ್ತು ಎಣಿಸುವಷ್ಟು ಹೊತ್ತು ಉಸಿರು ಕಟ್ಟಬೇಕು. ಯಜಮಾನರು ಎಲ್ಲದಕ್ಕೂ "ಹೂಂ, ಹೂಂ" ಅಂದಿದ್ದರು.

ವಾರ ಕಳೆದರೂ ಗುಣ ಕಾಣಲಿಲ್ಲ. ಎದೆಯ ಸೀಟಿ ನಿಲ್ಲಲಿಲ್ಲ. "ಈ ಪಂಪಿನಾಗ ಏನೂ ಇಲ್ಲ, ಬರೇ ಗಾಳಿ" ಎಂದು ಅವರು ಗೊಣಗತೊಡಗಿದರು. ನನಗೆ ಅನುಮಾನ ಬಂತು. ಒಂದು ಬೆಳಿಗ್ಗೆ ಅವರು ಹಿತ್ತಿಲಿಗೆ ಹೋದಾಗ ಬಾಗಿಲ ಸಂದಿಯಿಂದ ನೋಡಿದೆ.

ಮೊದಲು ಒಂದು ಒಣ ಹುಲ್ಲೆಳೆ ಮೇಲಕ್ಕೆ ಹಾರಿಸಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿದರು. ಗಾಳಿಗೆ ಬೆನ್ನು ಮಾಡಿ ನಿಂತರು. ಹೆಗಲ ಮೇಲಿನ ಟವೆಲ್ ತೆಗೆದು ಮೂಗು ಬಾಯಿ ಬಿಗಿಯಾಗಿ ಕಟ್ಟಿಕೊಂಡರು. ಕಣ್ಣು ಮುಚ್ಚಿ, ಉಸಿರು ಹಿಡಿದು, ಕೈ ಉದ್ದ ಮಾಡಿ, ಟವೆಲಿನ ಮೇಲೆ ಪುಸ್ ಎಂದು ಒಂದು ಸಲ ಹೊಡೆದುಕೊಂಡರು. ಆಮೇಲೆ ನಾಲ್ಕು ಹೆಜ್ಜೆ ದೂರ ಸರಿದು ಉಸಿರು ಬಿಟ್ಟರು.

ನಾನು ಓಡಿಹೋಗಿ, "ಏನ್ರೀ ಇದು! ಔಷಧಿ ಒಳಗೆ ಹೋಗಬೇಕು ಕಣ್ರೀ!" ಅಂದೆ.

ಅವರು ಟವೆಲ್ ಬಿಚ್ಚಿ ನನ್ನನ್ನೇ ಗದರಿಸಿದರು. "ಮೂವತ್ತು ವರ್ಷದಿಂದ ಜೋಳಕ್ಕ ಎಣ್ಣೆ ಹೊಡಿಯಾಕ ಹೋಗುವಾಗೆಲ್ಲ ಬಾಗಿಲಾಗ ನಿಂತು ಪಾಠ ಮಾಡಿದಾಕಿ ಯಾರು? ಮೂಗು ಕಟ್ಕೊಳ್ರಿ, ಗಾಳಿಗೆ ಎದುರು ಹೊಡೀಬ್ಯಾಡ್ರಿ, ಉಸಿರು ಎಳೀಬ್ಯಾಡ್ರಿ ಅಂತ! ಈಗ ಎಳ್ಕೋರಿ ಅಂತೀಯಲ್ಲ, ಒಂದು ಮಾತಿನ ಮ್ಯಾಲೆ ನಿಂತ್ಕೋ!"

ಕೀಟನಾಶಕದ ವಿಷಯದಲ್ಲಿ ನನ್ನ ಪಾಠ ಇಷ್ಟು ಗಟ್ಟಿಯಾಗಿ ಕೂತಿದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ಗುಣ ಕಂಡಿದ್ದು ಟವೆಲಿಗೆ ಮಾತ್ರ.

ಬಸ್ಸಿನಲ್ಲಿ ಬೀಡಿ

ಎಳೆಯುವುದನ್ನು ಕಲಿತರು, ಎದೆ ಹಗುರಾಯಿತು. ನಾಚಿಕೆ ಮಾತ್ರ ಹೋಗಲಿಲ್ಲ.

ಆನವಟ್ಟಿಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಇಬ್ಬರೂ ಬಸ್ಸಿನಲ್ಲಿ ಹೊರಟಿದ್ದೆವು. ಮುಂದಿನ ಸೀಟಿನಲ್ಲಿ ನಮ್ಮೂರಿನ ಹಾಲಿನ ಡೈರಿಯವರು ಕುಳಿತಿದ್ದರು. ಹೋರಿ ಹಬ್ಬದ ಸಮಿತಿಯಲ್ಲಿ ಅವರೂ ಇದ್ದಾರೆ. ರಸ್ತೆ ಕೆಲಸ ನಡೆಯುತ್ತಿತ್ತು, ಕಿಟಕಿಯಿಂದ ಕೆಂಪು ಧೂಳು ಒಳಗೆ ನುಗ್ಗಿತು. ಯಜಮಾನರಿಗೆ ಎದೆ ಕಟ್ಟತೊಡಗಿತು.

"ಪಂಪು ತಗೊಳ್ರಿ" ಅಂದೆ ಮೆಲ್ಲಗೆ.

ಅವರು ಮುಂದಿನ ಸೀಟಿನ ಕಡೆ ಕಣ್ಸನ್ನೆ ಮಾಡಿ ತಲೆಯಾಡಿಸಿದರು. ನಾನು ಕಣ್ಣು ದೊಡ್ಡದು ಮಾಡಿದೆ. ಕಡೆಗೆ ಟವೆಲನ್ನು ತಲೆಯ ಮೇಲಿಂದ ಮುಸುಕು ಎಳೆದುಕೊಂಡು, ಸೀಟಿನ ಕೆಳಗೆ ಏನೋ ಬಿದ್ದವರಂತೆ ಬಗ್ಗಿ, ಒಳಗೊಳಗೇ ಪುಸ್ ಎಂದು ಎಳೆದುಕೊಂಡರು.

ಅದೇ ಹೊತ್ತಿಗೆ ಕಂಡಕ್ಟರ್ ಬಂದ. ಮುಸುಕು ಹಾಕಿ ಬಗ್ಗಿ ಕೂತ ಗಂಡಸನ್ನು ನೋಡಿದ. "ಓಯ್ ಯಜಮಾನ್ರ, ಏನ್ ನಡಿಸೀರಿ ಒಳಗ?"

ಉತ್ತರ ಕೊಡುವ ಹಾಗಿಲ್ಲ. ಹತ್ತು ಎಣಿಸುವವರೆಗೆ ಉಸಿರು ಬಿಡುವಂತಿಲ್ಲ. ಮುಸುಕಿನೊಳಗಿಂದ ಒಂದು ಕೈ ಮಾತ್ರ ಹೊರಬಂದು "ತಡಿ" ಎಂದು ಸನ್ನೆ ಮಾಡಿತು.

"ಏನ್ ತಡಿಯಾದು? ಬಸ್ಸಿನಾಗ ಬೀಡಿ ಸೇದಂಗಿಲ್ಲ ಅಂತ ಅಷ್ಟು ದೊಡ್ಡ ಅಕ್ಷರದಾಗ ಬರ್ದೈತಿ, ಕಾಣಲ್ಲೇನು?"

ಬಸ್ಸಿಡೀ ತಿರುಗಿ ನೋಡಿತು. ಡೈರಿಯವರೂ ತಿರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಮುಸುಕು ತೆಗೆದು, ಉಸಿರು ಬಿಟ್ಟು, ಕೈ ಮುಗಿದು, "ತಪ್ಪಾತಪ್ಪ, ಆರಿಸಿದೆ" ಅಂದುಬಿಟ್ಟರು.

ಜನ್ಮದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ. ಸಂಜೆ ನಾವು ಊರಿಗೆ ವಾಪಸು ಬರುವಷ್ಟರಲ್ಲಿ ಡೈರಿಯಿಂದ ಸುದ್ದಿ ಮನೆಮನೆಗೆ ಹಾಲಿನ ಜೊತೆಗೇ ಹೋಗಿತ್ತು. ಪಕ್ಕದ ಮನೆಯಾಕೆ ನನ್ನ ಕೈ ಹಿಡಿದು, "ಈ ವಯಸ್ಸಿನಾಗ ಕಲ್ತಾರಂತಲ್ಲಕ್ಕ, ಗಟ್ಟಿ ಮನಸ್ಸು ಮಾಡ್ಕೋ" ಎಂದು ಸಮಾಧಾನ ಹೇಳಿದಳು. ಯಜಮಾನರು ಮಾತ್ರ ಖುಷಿಯಾಗಿದ್ದರು. "ನೋಡಿದೇನು? ದಮ್ಮು ಅಂತ ಯಾರಿಗೂ ಗೊತ್ತಾಗಲಿಲ್ಲ!"

ಪ್ರಗತಿ

ಜೋಳ ಒಕ್ಕುವ ಸುಗ್ಗಿ ಬಂತು. ನಮ್ಮ ಮಷಿನ್ನು ಹೊಲದಿಂದ ಹೊಲಕ್ಕೆ ಹೋಗುತ್ತದೆ, ಅದರ ಹಿಂದೆ ಧೂಳು, ತವುಡು, ಒಣ ಸಿಪ್ಪೆಯ ರವದಿ. ಯಜಮಾನರು ಪಂಪು ಹೊಡೆದಾಗಲೆಲ್ಲ ನಾನು ಕ್ಯಾಲೆಂಡರಿನಲ್ಲಿ ನೀಲಿ ಗೀಟು ಹಾಕುತ್ತಿದ್ದೆ. ಮೊದಮೊದಲು ಹಾಳೆಯ ಮೇಲೆ ಅಲ್ಲೊಂದು ಇಲ್ಲೊಂದು ಗೀಟು ಇತ್ತು. ಸುಗ್ಗಿ ಏರಿದ ಹಾಗೆ ಹಬ್ಬದ ತಾರೀಖುಗಳೇ ಕಾಣದ ಹಾಗಾಯಿತು. ನಾನು ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತು ಸುರುಳಿ ಸುತ್ತಿ, ಯಜಮಾನರನ್ನು ಮತ್ತೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

"ಹೇಗಿದ್ದೀರಿ?" ಅಂದರು ಡಾಕ್ಟರಮ್ಮ.

ಯಜಮಾನರು ಎದೆ ಉಬ್ಬಿಸಿ ಹೇಳಿದರು. "ಭಾರೀ ಸುಧಾರಣೆ ಮೇಡಂ. ಮೊದಲು ವಾರಕ್ಕ ಒಂದು ಸಲ ಹೊಡ್ಯಾಕೂ ಬರ್ತಿರಲಿಲ್ಲ. ಈಗ ದಿನಾ ಹೊಡಿತೀನಿ. ಕೈ ಅಷ್ಟು ಕುಂತೈತಿ!"

ಡಾಕ್ಟರಮ್ಮ ಕ್ಯಾಲೆಂಡರ್ ಬಿಡಿಸಿ ನೋಡಿದರು. ಒಂದು ಕ್ಷಣ ಹಣೆಗೆ ಕೈ ಇಟ್ಟುಕೊಂಡರು. ಆಮೇಲೆ ಬಿಡಿಸಿ ಹೇಳಿದರು. ನೀಲಿ ಪಂಪು ಹತ್ತಿಕೊಂಡ ಬೆಂಕಿ ಆರಿಸುವುದಕ್ಕೆ. ಅದು ಪದೇಪದೇ ಬೇಕಾಗುತ್ತಿದೆ ಅಂದರೆ ಒಳಗೆ ಬೆಂಕಿ ಇನ್ನೂ ಉರಿಯುತ್ತಿದೆ ಎಂದೇ ಅರ್ಥ. ಬೆಂಕಿ ಬೀಳದ ಹಾಗೆ ನೋಡಿಕೊಳ್ಳಲು ಬೇರೆ ಪಂಪು, ಕಂದು ಬಣ್ಣದ್ದು. ಅದನ್ನು ಚೆನ್ನಾಗಿದ್ದರೂ ಬಿಡದೆ ದಿನಾ ತೆಗೆದುಕೊಳ್ಳಬೇಕು, ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಮಷಿನ್ನಿನ ಹತ್ತಿರ ಹೋಗುವಾಗ ಮೂಗಿಗೆ ಮಾಸ್ಕು. ನೀಲಿ ಹೊಡೆದೂ ಉಸಿರು ಹಿಡಿಯದಿದ್ದರೆ ಮನೆಯಲ್ಲಿ ಕೂರದೆ ಸೀದಾ ಆಸ್ಪತ್ರೆಗೆ ಬರಬೇಕು.

ಯಜಮಾನರು ಎಲ್ಲ ಕೇಳಿ ನನ್ನ ಕಡೆ ತಿರುಗಿದರು. "ಅಂದ್ರ ಮೂಗಿಗೆ ಟವೆಲ್ ಕಟ್ಟಿದ್ದು ಸರಿನೇ ಇತ್ತು. ಹೊತ್ತು ಮಾತ್ರ ತಪ್ಪಿತ್ತು!"

ಸೊರಬದ ತಮ್ಮನ ಎದೆ

ನನ್ನ ತವರು ಸೊರಬ. ಅಲ್ಲಿ ನನ್ನ ತಮ್ಮನಿದ್ದಾನೆ. ಊಟದಲ್ಲಿ ಅವನಿಗೆ ಸರಿಸಾಟಿ ಯಾರೂ ಇಲ್ಲ, ಬಿ.ಪಿ.ಯೂ ಇದೆ. ಹೊಸ ಅಕ್ಕಿಯ ಹಬ್ಬಕ್ಕೆ ನಮ್ಮನ್ನು ಕರೆದಿದ್ದ. ಕಡುಬು, ಕೆಸುವಿನ ಪತ್ರೊಡೆ, ಕಾಯಿಹಾಲು. ಅವನು ಉಂಡು ಎದ್ದು ಜಗಲಿಗೆ ಬಂದವನೇ ಎದೆ ಹಿಡಿದುಕೊಂಡು, "ಭಾವ, ಎದೆ ಮೇಲೆ ಯಾರೋ ಬಂದು ಕೂತಂಗೆ ಆಗಿದೆ ಮಾರಾಯ್ರೇ, ಉಸಿರಾಡಕ್ಕೂ ಜಾಗ ಇಲ್ಲ. ನಿಮ್ಮ ಹತ್ರ ಎಂತದೋ ಪಂಪು ಇದೆಯಂತಲ, ಕೊಡಿ ನೋಡಣ" ಅಂದ. ನನ್ನ ತವರಿನವರಲ್ಲಿ ಪಂಪಿನ ವಿಷಯ ಗೊತ್ತಿದ್ದದ್ದು ಅವನಿಗೆ ಮತ್ತು ಅವನ ಹೆಂಡತಿಗೆ ಮಾತ್ರ.

ನಮ್ಮ ಯಜಮಾನರ ಸ್ವಭಾವ ಹೇಗೆಂದರೆ, ಮಾವನ ಮನೆಯಲ್ಲಿ ಯಾರು ಏನು ಕೇಳಿದರೂ ಇಲ್ಲ ಅನ್ನುವುದಿಲ್ಲ. ಎಲೆಅಡಿಕೆ ತಟ್ಟೆ ಮುಂದೆ ಸರಿಸಿದ ಹಾಗೆ ಪಂಪನ್ನು ಮುಂದೆ ಹಿಡಿದರು. ನಾನು ಒಳಗೆ ಬಡಿಸುತ್ತಿದ್ದೆ, ಇಲ್ಲದಿದ್ದರೆ ಕೈ ಮೇಲೆ ಹೊಡೆಯುತ್ತಿದ್ದೆ. ಒಬ್ಬರ ಔಷಧಿ ಇನ್ನೊಬ್ಬರಿಗಲ್ಲ. ಅದರಲ್ಲೂ ತಿಂದದ್ದು ಹೆಚ್ಚಾದವರಿಗಂತೂ ಅಲ್ಲವೇ ಅಲ್ಲ.

ತಮ್ಮ ಒಂದಕ್ಕೆ ನಿಲ್ಲಿಸಲಿಲ್ಲ. ಪುಸ್, ಪುಸ್, ಪುಸ್. ಸ್ವಲ್ಪ ಹೊತ್ತಿಗೆ ಅವನ ಕೈ ನಡುಗಲು ಶುರುವಾಯಿತು, ಎದೆ ಡವಡವ ಹೊಡೆದುಕೊಂಡಿತು. ಈ ಔಷಧಿ ಹೆಚ್ಚಾದರೆ ಹಾಗೆಯೇ ಆಗುತ್ತದೆ. ನಾನು ಹೊರಗೆ ಓಡಿಬಂದು ಡಾಕ್ಟರಮ್ಮನಿಗೆ ಫೋನ್ ಹಚ್ಚಿದೆ. ಅವರು ಬಿ.ಪಿ. ವಿಷಯ ಕೇಳಿ, "ತಕ್ಷಣ ಅಲ್ಲಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿಬಿಡಿ" ಅಂದರು. ಕಾರು ಬರುವಷ್ಟರಲ್ಲಿ ತಮ್ಮ ತನ್ನ ಕಾಲ ಮುಗಿಯಿತು ಎಂದೇ ತೀರ್ಮಾನಿಸಿ ಹೆಂಡತಿಯ ಕೈ ಹಿಡಿದುಕೊಂಡ.

"ಹೇಳಿಬಿಡ್ತೇನೆ ಮಾರಾಯ್ತಿ, ಮನಸ್ಸಲ್ಲಿ ಇಟ್ಕೊಂಡು ಹೋಗಲಾರೆ. ನಿನ್ನ ಅಣ್ಣನ ಮಗಳ ಮದುವೆ ದಿನ ಕಾಲು ಉಳುಕಿದ್ದು ಸುಳ್ಳು. ನೀನು ಹಾಕಿಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿ ಬೆಕ್ಕು ಒಡೆದಿದ್ದಲ್ಲ. ಮತ್ತೆ... ನಿನ್ನ ಅಮ್ಮ ಬರ್ತಾರೆ ಅಂದಾಗೆಲ್ಲ ನನಗೆ ಬೆಂಗಳೂರಿನ ಕೆಲಸ ಬರ್ತಿತ್ತಲ್ಲ..."

ಕಾರು ಬಂತು, ಮಾತು ಅಲ್ಲಿಗೆ ನಿಂತಿತು. ಆಸ್ಪತ್ರೆಯಲ್ಲಿ ನೋಡಿ, ಸ್ವಲ್ಪ ಹೊತ್ತು ಮಲಗಿಸಿ, ಎಲ್ಲ ಸರಿಯಿದೆ, ಬೇರೆಯವರ ಔಷಧಿ ಮುಟ್ಟಬೇಡಿ, ಕಡುಬು ಕಡಿಮೆ ಮಾಡಿ ಎಂದು ಬುದ್ಧಿ ಹೇಳಿ ಕಳಿಸಿದರು. ತಮ್ಮ ತಲೆ ತಗ್ಗಿಸಿ ಮನೆಗೆ ಬಂದ.

ನಾವು ಹೊರಡುವಾಗ ಅವನ ಹೆಂಡತಿ ಗೇಟಿನವರೆಗೂ ಬಂದಳು. ನನ್ನ ಕಿವಿಯ ಹತ್ತಿರ ಬಾಗಿ, "ಅತ್ತಿಗೆ, ಆ ಪಂಪು ಇಲ್ಲೇ ಬಿಟ್ಟು ಹೋಗಿ. ನನಗೆ ಇನ್ನೂ ಎಂತೆಂತದೋ ಕೇಳದು ಇದೆ" ಅಂದಳು.

ಆಯುಧಕ್ಕೆ ರಜೆ

ನಮ್ಮ ಅತ್ತೆಗೆ ಎಂಬತ್ತು ದಾಟಿದೆ, ಆದರೆ ಹಬ್ಬದ ವಿಷಯದಲ್ಲಿ ಮನೆಯ ಕಾಯಿದೆ ಈಗಲೂ ಅವರದೇ. ಆಯುಧಪೂಜೆಯ ದಿನ ಕುಡುಗೋಲು, ಕೊಡಲಿ, ನೇಗಿಲು, ಟ್ರಾಕ್ಟರಿನ ಬೀಗದ ಕೈ, ಮಷಿನ್ನಿನ ಸ್ಪ್ಯಾನರುಗಳು, ಯಜಮಾನರ ಹಳೇ ಮೈಕು, ಎಲ್ಲವನ್ನೂ ದೇವರ ಮುಂದೆ ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಪೂಜೆಗೆ ಇಟ್ಟದ್ದನ್ನು ಮಾರನೆಯ ದಿನ ಮಂಗಳಾರತಿ ಆಗುವವರೆಗೆ ಯಾರೂ ಎತ್ತುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅದೊಂದು ದಿನ ರಜೆ.

ಆ ದಿನ ಯಜಮಾನರು ಟ್ರಾಕ್ಟರ್ ತೊಳೆಯುವ ಮೊದಲು ಮಷಿನ್ನಿನ ಹಳೇ ಧೂಳು ಕೊಡವಿದರು. ಮಾಸ್ಕು ಹಾಕಿಕೊಳ್ಳಿ ಅಂದದ್ದು ಹಬ್ಬದ ಗಡಿಬಿಡಿಯಲ್ಲಿ ಹಾರಿಹೋಯಿತು. ಒಳಗೆ ಬಂದವರೇ ಗೂಟಕ್ಕೆ ಹಾಕಿದ ಅಂಗಿಯ ಜೇಬು ತಡಕಿದರು. ಪಂಪು ಇಲ್ಲ.

"ಅವ್ವಾ, ನನ್ನ ಅಂಗಿ ಜೇಬಿನಾಗಿಂದು ಏನಾರ ತೆಗೆದಿಯೇನು?"

"ತೆಗೆದೀನಪ್ಪ. ಪೂಜೆಗೆ ಇಟ್ಟೀನಿ. ನಿನ್ನ ಎದಿ ಕಾಯಾ ಆಯುಧ ಅಲ್ಲೇನು ಅದು?"

ನೋಡಿದರೆ, ಕೊಡಲಿಗೂ ಮೈಕಿಗೂ ನಡುವೆ ನೀಲಿ ಪಂಪು ವಿಭೂತಿ ಪಟ್ಟೆ, ಕುಂಕುಮ ಹಚ್ಚಿಕೊಂಡು ಕೂತಿದೆ. ಮುಚ್ಚಳ ತೆಗೆದು, ಬಾಯಿಗೆ ಒಂದು ಚೆಂಡು ಹೂ ಸಿಕ್ಕಿಸಿದ್ದಾರೆ. ಯಜಮಾನರು ಕೈ ಚಾಚಿದರು.

"ಮುಟ್ಟಬ್ಯಾಡ! ನಾಳೆ ಮಂಗಳಾರತಿ ಆಗಾವರಿಗೂ ಎತ್ತಂಗಿಲ್ಲ."

"ಅವ್ವಾ... ದಮ್ಮು..."

"ಒಂದು ದಿನ ತಡ್ಕೋ. ಟ್ರಾಕ್ಟರ್ ತಡ್ಕೊಂಡಿಲ್ಲೇನು?"

ನಾನು ವಾದಕ್ಕೆ ನಿಲ್ಲಲಿಲ್ಲ. ಉಸಿರಿನ ವಿಷಯದಲ್ಲಿ ವಾದ ಆಮೇಲೆ. ಬೀರುವಿನಲ್ಲಿ ಯಾವಾಗಲೂ ಇನ್ನೊಂದು ಪಂಪು ಇಟ್ಟಿರುತ್ತೇನೆ, ಅದರ ಅವಧಿ ಮುಗಿಯುವ ತಿಂಗಳನ್ನೂ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿರುತ್ತೇನೆ. ಅದನ್ನು ತಂದು ಕೊಟ್ಟೆ. ಎರಡು ಸಲ ಎಳೆದರು, ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು.

ಆಮೇಲೆ ಅತ್ತೆಯ ಮುಂದೆ ಕೂತು ಪೂಜೆಯ ಪಂಪಿನ ಕಡೆ ತೋರಿಸಿದೆ. "ಅತ್ತೇ, ಆ ಹೂವಿನ ಎಸಳು ಒಳಗೆ ಹೋಗಿ ಕೂತಿದ್ದು, ಇವರು ಅವಸರದಲ್ಲಿ ನೋಡದೆ ಎಳೆದಿದ್ದರೆ ಅದು ನೇರ ಎದೆಗೆ ಹೋಗುತ್ತಿತ್ತು. ಇದರ ಮುಚ್ಚಳ ತೆಗೆದು ಇಡಬಾರದು. ಬಾಯೊಳಗೆ ಇಣುಕಿ ನೋಡದೆ ಬಾಯಿಗೆ ಇಡಬಾರದು."

ಅತ್ತೆ ಗಾಬರಿಯಾದರು. ಮಾರನೆಯ ದಿನ ಎತ್ತುವ ಶಾಸ್ತ್ರ ಆದ ಮೇಲೆ ತಾವೇ ಹೂ ತೆಗೆದು, ಪಂಪನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. ಒಂದೆರಡು ಹಳದಿ ಎಸಳು ನಿಜವಾಗಿಯೂ ಉದುರಿದವು. ಆಮೇಲೆ ನನ್ನ ಬೆನ್ನು ತಟ್ಟಿ, "ಶಾಣ್ಯಾಕಿ ನೀನು. ನಾ ಮೊದಲಿಂದ ಹೇಳ್ತಿದ್ನಲ್ಲ, ಮನ್ಯಾಗ ಯಾವತ್ತೂ ಜೋಡೆತ್ತು ಇರಬೇಕು, ಒಂದಕ್ಕ ರಜಾ ಕೊಟ್ಟರೆ ಇನ್ನೊಂದು ಹೂಡಾಕ ಬರ್ತತಿ!" ಅಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಬೀರುವಿನ ಪಂಪಿನ ಹೆಸರು ಎರಡನೇ ಎತ್ತು.

ಪುಸ್

ದೀಪಾವಳಿ ಬಂತು. ಸಮಿತಿಯವರು ಮನೆಗೆ ಬಂದರು. ಯಜಮಾನರು ಚಹಾ ಕುಡಿಸಿ, ಒಂದೇ ಉಸಿರಿಗೆ ಹತ್ತು ಹೋರಿಗಳ ಹೆಸರು, ಊರು, ಮಾಲೀಕರು, ಗೆದ್ದ ಬಹುಮಾನ ಎಲ್ಲವನ್ನೂ ಹೇಳಿ ತೋರಿಸಿದರು. ಬಿಡದೆ ತೆಗೆದುಕೊಂಡ ಕಂದು ಪಂಪು ತನ್ನ ಕೆಲಸ ಮಾಡಿತ್ತು. ಅಧ್ಯಕ್ಷರು ಒಪ್ಪಿದರು, ಆದರೆ ಅರೆಮನಸ್ಸಿನಿಂದ. "ಈ ಸಲ ಮೈಕು ನಿಮಗೇ ಯಜಮಾನ್ರ. ಪಕ್ಕಕ್ಕ ನನ್ನ ಅಳಿಯನ್ನ ನಿಲ್ಲಿಸಿರ್ತೀನಿ. ನಿಮಗ ತ್ರಾಸಾದ ಕೂಡಲೆ ಕೊಟ್ಟುಬಿಡ್ರಿ. ಬೀಡಿ ಬ್ಯಾರೆ ಸೇದ್ತೀರಂತ." ಒಂದು ಸಲ ಮೈಕು ಅಳಿಯನ ಕೈಗೆ ಹೋದರೆ ಮತ್ತೆ ಬರುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಹಬ್ಬದ ದಿನ ನಾನು ಹೆಂಗಸರ ಜೊತೆ ಟ್ರಾಕ್ಟರಿನ ಟ್ರೇಲರಿನಲ್ಲಿ ನಿಂತಿದ್ದೆ, ಅಟ್ಟಣಿಗೆಗೆ ಎದುರಾಗಿ. ಯಜಮಾನರ ದನಿ ನಾಲ್ಕು ದಿಕ್ಕಿನ ಸ್ಪೀಕರಿನಲ್ಲೂ ಮೊಳಗುತ್ತಿತ್ತು. ಅಳಿಯ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದ, ಆಗಾಗ ಗಂಟಲು ಸರಿ ಮಾಡಿಕೊಳ್ಳುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅಖಾಡದ ಧೂಳು ಮೋಡದ ಹಾಗೆ ಎದ್ದಿತು.

ಆಗ ಕರಿಮೋಡನ ಸರದಿ. ಆನವಟ್ಟಿ ಕಡೆಯ ಹೋರಿ, ಬಣ್ಣ ಹೆಸರಿಗೆ ತಕ್ಕ ಹಾಗೆ. ಹಿಂದಿನ ಸಲ ಅರ್ಧ ದಾರಿಯಲ್ಲೇ ಕೊಬ್ಬರಿ ಕಳೆದುಕೊಂಡಿತ್ತು. ಈ ಸಲವೂ ಹುಡುಗರು ಎರಡೂ ಕಡೆ ಸಾಲುಗಟ್ಟಿ ಕಾಯುತ್ತಿದ್ದರು.

"ಬರ್ತೈತಿ ನೋಡ್ರೀ, ಕರಿಮೋಡ..." ಅಂದ ಯಜಮಾನರು ನಿಂತರು. ಎದೆಯ ಮೇಲೆ ಕೈ ಹೋಯಿತು. ಅಳಿಯ ಒಂದು ಹೆಜ್ಜೆ ಮುಂದೆ ಬಂದು ಮೈಕಿಗೆ ಕೈ ನೀಡಿದ. ಯಜಮಾನರು ಟವೆಲಿಗಾಗಿ ಹೆಗಲು ಮುಟ್ಟಿಕೊಂಡರು. ಟವೆಲ್ ಇಲ್ಲ. ಬೆಳಿಗ್ಗೆಯೇ ಯಾವನೋ ಹುಡುಗ ಹೋರಿಯ ಕೋಡಿಗೆ ಕಟ್ಟಲು ಇಸಿದುಕೊಂಡು ಹೋಗಿದ್ದ. ಮುಸುಕು ಹಾಕಿಕೊಳ್ಳಲು ಏನೂ ಇಲ್ಲ. ಎದುರಿಗೆ ಏಳೂರಿನ ಜನ.

ಅವರು ನನ್ನ ಕಡೆ ನೋಡಿದರು. ನಾನು ಅಷ್ಟು ಜನರ ನಡುವೆ ಕೈ ಎತ್ತಿ, ಡಬ್ಬಿ ಅಲ್ಲಾಡಿಸಿದ ಹಾಗೆ ಜೋರಾಗಿ ಅಲ್ಲಾಡಿಸಿ ತೋರಿಸಿದೆ.

ಯಜಮಾನರು ಅಳಿಯನ ಕೈ ಪಕ್ಕಕ್ಕೆ ಸರಿಸಿದರು. ಜೇಬಿನಿಂದ ಪಂಪು ತೆಗೆದರು. ಮೈಕು ಆರಿಸುವುದನ್ನು ಮರೆತರು.

ಸ್ಪೀಕರಿನಲ್ಲಿ ಮೊದಲು ಕೇಳಿದ್ದು ಕಟಕಟಕಟ. ಆಮೇಲೆ ಒಂದು ಉದ್ದವಾದ "ಹೂಊಊಊ". ಅಷ್ಟರಲ್ಲಿ ಆ ಕಡೆ ಕರಿಮೋಡನನ್ನು ಬಿಟ್ಟೇಬಿಟ್ಟಿದ್ದರು. ಆಮೇಲೆ ನಾಲ್ಕೂ ದಿಕ್ಕಿನಿಂದ ಒಟ್ಟಿಗೆ,

"ಪುಸ್ಸ್ಸ್ಸ್."

ಹೋರಿ ಹಿಡಿಯಲು ನಿಂತ ಹುಡುಗರಲ್ಲಿ ಅರ್ಧ ಜನ ಹಾವು ಅಂದುಕೊಂಡು ಕಾಲ ಕೆಳಗೆ ನೋಡಿದರು. ಇನ್ನರ್ಧ ಜನ ಟ್ರಾಕ್ಟರಿನ ಟೈರು ಹೋಯಿತು ಅಂದುಕೊಂಡು ಹಿಂದಕ್ಕೆ ತಿರುಗಿದರು. ಆಮೇಲೆ ಪೂರ್ತಿ ನಿಶ್ಶಬ್ದ. ಯಜಮಾನರು ಕಣ್ಣು ಮುಚ್ಚಿ ಉಸಿರು ಕಟ್ಟಿ ನಿಂತಿದ್ದರು. ಏನಾಯಿತು ಎಂದು ಇಡೀ ಜನವೂ ಅವರ ಜೊತೆ ಉಸಿರು ಕಟ್ಟಿ ಅಟ್ಟಣಿಗೆಯನ್ನೇ ನೋಡುತ್ತಿತ್ತು. ಆ ನಿಶ್ಶಬ್ದದ ನಡುವೆ ಕರಿಮೋಡ, ಕೊರಳಿನ ಕೊಬ್ಬರಿ ಒಂದೂ ಅಲುಗದ ಹಾಗೆ, ದೇವಸ್ಥಾನಕ್ಕೆ ಹೊರಟವರಂತೆ ಸೀದಾ ದಾಟಿ ಹೋಯಿತು.

ಯಜಮಾನರು ಉಸಿರು ಬಿಟ್ಟು, ಕಣ್ಣು ಬಿಟ್ಟು, ಹೋರಿಯ ಬಾಲ ಕಂಡರು. ದನಿ ತುಂಬಿ ಬಂತು. "ಹೋತೋ! ಹೋತೋ! ಕರಿಮೋಡ ಹೋತೋ! ಮುಟ್ಟಿದವರಿಲ್ಲ, ತಡೆದವರಿಲ್ಲ!"

ಮಾಲೀಕರು ಅಟ್ಟಣಿಗೆ ಹತ್ತಿ ಬಂದು ಕರಿಮೋಡನ ಕೊಬ್ಬರಿ ಹಾರವನ್ನೇ ತಂದು ಯಜಮಾನರ ಕೊರಳಿಗೆ ಹಾಕಿದರು. ಹಿಡಿಯುವ ಹುಡುಗರು ಕೆಳಗೆ ಗಲಾಟೆ ಎಬ್ಬಿಸಿದರು. "ಮೋಸ! ಅದೇನೋ ಊದಿದ್ರು! ಮತ್ತೊಂದು ಸಲ ಬಿಡ್ರಿ!" ಅಧ್ಯಕ್ಷರು ಬಂದು ಪಂಪು ನೋಡಿ, "ಏನ್ರೀ ಇದು?" ಅಂದರು.

ಯಜಮಾನರು ಪಂಪನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ ಹಿಡಿದರು. ಆಮೇಲೆ ಮೈಕಿನಲ್ಲೇ ಹೇಳಿದರು. "ದಮ್ಮಿನ ಪಂಪ್ರೀ. ನನಗ ದಮ್ಮು ಐತಿ. ನಾನು ಬೀಡಿ ಸೇದಾದಿಲ್ಲ, ಡೈರಿಯವರು ಕೇಳಿಸ್ಕೊಳ್ರಿ. ಡಾಕ್ಟರು ಎರಡು ಸಲ ಎಳಕೋ ಅಂದಾರ. ಒಂದಾತು, ಸ್ವಲ್ಪ ತಡೆದು ಇನ್ನೊಂದು ಬಾಕಿ ಐತಿ."

ಮಾತು ಮುಗಿದಿರಲಿಲ್ಲ, ಸಾಲಿನಲ್ಲಿ ಮುಂದಿದ್ದ ಹೋರಿಯ ಮಾಲೀಕರು ಹಗ್ಗ ಬಿಚ್ಚುತ್ತ ಕೂಗಿದರು. "ಇನ್ನೊಂದು ಬಾಕಿ ಐತಂತೋ! ನಮ್ಮದು ಬಿಡ್ರೋ, ಬೇಗ ಬೇಗ!" ಅವರ ಹಿಂದಿನವರು, "ಏ, ಎರಡನೇದು ನಮಗ! ನಾವು ಬೆಳಿಗ್ಗೆಯಿಂದ ಕಾಯಾಕ ಹತ್ತೀವಿ!" ಅಂದರು. ಇನ್ಯಾರೋ, "ಯಜಮಾನ್ರ, ನಮ್ಮ ಹೋರಿಗೆ ಒಂದು ಜಾಸ್ತಿ ಹೊಡೀರಿ" ಎಂದು ಕೈ ಮುಗಿದರು.

ಆಗ ಯಜಮಾನರು ನನ್ನ ಪಾಠವನ್ನು ಒಂದಕ್ಷರ ಬಿಡದೆ ಏಳೂರಿಗೂ ಒಪ್ಪಿಸಿದರು. "ಇದು ಹೋರಿಗಲ್ಲ, ದಮ್ಮು ಹತ್ತಿದವರಿಗೆ! ಸುಮ್ಸುಮ್ನೆ ಹೊಡಿಯಂಗಿಲ್ಲ, ಕೈ ನಡುಗತೈತಿ, ಎದಿ ಡವಡವ ಅಂತೈತಿ, ನನ್ನ ಭಾವಮೈದುನನ್ನ ಕೇಳ್ರಿ! ಒಬ್ಬರದು ಒಬ್ಬರು ಎಳೀಬಾರದು! ದಿನಾ ದಿನಾ ಬೇಕಾತು ಅಂದ್ರ ಸುಧಾರಣೆ ಅಲ್ಲ, ಡಾಕ್ಟರ ಹಂತೇಕ ಹೋಗ್ರಿ!" ಎರಡನೆಯದನ್ನು ಕೆಳಗಿಳಿದು ಬೇಲಿಯ ಹತ್ತಿರ ನಿಂತು, ಮೈಕು ದೂರ ಇಟ್ಟು ತೆಗೆದುಕೊಂಡರು. ಆಮೇಲೆ ಸಂಜೆಯವರೆಗೆ ಒಂದು ಹೋರಿಯನ್ನೂ ಬಿಡದೆ ವರ್ಣಿಸಿದರು. ಅಳಿಯ ಕೈ ಕಟ್ಟಿಕೊಂಡೇ ಮನೆಗೆ ಹೋದ.

ಜನ ಚದುರುವಾಗ ಮೂರ್ನಾಲ್ಕು ಮಂದಿ ಗಂಡಸರು ಒಬ್ಬೊಬ್ಬರಾಗಿ ಅಟ್ಟಣಿಗೆಯ ಹಿಂದೆ ಬಂದು, ಅತ್ತಿತ್ತ ನೋಡಿ, ತಮ್ಮ ತಮ್ಮ ಒಳಜೇಬಿನಿಂದ ನೀಲಿ ಪಂಪು ತೆಗೆದು ಯಜಮಾನರಿಗೆ ತೋರಿಸಿದರು. ಅವರಲ್ಲಿ ಮೊದಲನೆಯವರು ಹಾಲಿನ ಡೈರಿಯವರು.

ಸಮಿತಿಯವರು ಆ ವಾರ ಸಭೆ ಸೇರಿದರು. ಮೈಕು ಯಜಮಾನರಿಗೇ ಎಂದು ತೀರ್ಮಾನವಾಯಿತು. ಮುಂದಿನ ಸಲದ ನಿಯಮಗಳಿಗೆ ಹೊಸದೊಂದು ಸೇರಿತು: "ಮೈಕಿನವರು ಪಂಪು ಎಳೆದುಕೊಳ್ಳುವಾಗ ಯಾರೂ ಹೋರಿ ಬಿಡತಕ್ಕದ್ದಲ್ಲ."

ಎಲ್ಲರೂ ಕೈ ಎತ್ತಿದರು. ವಿರೋಧ ಒಂದೇ ಒಂದು, ಕರಿಮೋಡನ ಮಾಲೀಕರದು.